ಅರ್ಧ ಇಂಚು

ಸೇಡಂದಿಂದ ಊರ ತನಕ ಚೀರಿಕೋತ ಬಂತು.
ಗೇರು ಬದಲಿಸಿದಾಗೊಮ್ಮೆ, ದೀಪ ಹಾಕಿದಾಗೊಮ್ಮೆ,
ಬಾಲ ತುಳಿಸಿಕೊಂಡ ಬೆಕ್ಕಿನಂಗ.
ಕಾಗಿಣಾ ಸೇತುವೆ ಮ್ಯಾಲ
ಗಾಳ ಹಾಕಿ ಕುಂತವರು ತಿರುಗಿ ನೋಡಿದರು.
ಸ್ಟೀರಿಂಗಿನ ಮುಂದ, ಗಾಜಿನೊಳಗ,
ಕಡ್ಡಿಯಷ್ಟು ಮುಳ್ಳು
ಮೈನಸ್ಸಿನ ಕಡೆ ವಾಲಿ ಮಲಗಿತ್ತು.

ಅಪ್ಪ ಹರಾಜಿನಾಗ ಹಿಡಿದ ಕೆಂಪು ಇಂಟರ್‌ನ್ಯಾಷನಲ್,
ಕೆಂಪು ಅಂತ ಈಗ ಕಾಗದದಾಗಷ್ಟ ಅದ.
ಡೈನಮೋ ಎರಡನೇದು.
ಮೊದಲನೇದನ್ನ ಕೊಂದಾಕಿ ನಾನು.
ಚೀರಾಟ ತಾಳಲಾರದ
ಹಾರಿ ಹಾಕಿ ಮೀಟಿ, ಪಟ್ಟಾ ಬಿಗಿದು, ಇನ್ನಾ ಬಿಗಿದು,
ಏಕತಾರಿ ತಂತಿ ಮಾಡಿಟ್ಟಿದ್ದೆ.
ಹದಿನೈದು ದಿನ ಸೊಲ್ಲೆತ್ತಲಿಲ್ಲ.
ಹದಿನಾರಕ್ಕ ಬುಶ್ ಸವೆದು ಸುಟ್ಟ ವಾಸನಿ.
"ಚೀರ್ತಿತ್ತಂದ್ರ ಇನ್ನಾ ದುಡೀಲಿಕತ್ತಿತ್ತು, ಜಗದೇವಿ"
ಅಂದ ಮೈನೋದ್ದೀನ ಮಿಸ್ತ್ರಿ,
ಬಿಲ್ಲು ಬರೆಯುವಾಗ.
ಮೊದಲ ಹೇಳಬಹುದಿತ್ತು.

ಈ ಸಲ ಅಂವನೇ ಬಂದಾನ, ಟಿವಿಎಸ್ ಮ್ಯಾಲ,
ಗೋಣಿತಟ್ಟಿನಾಗ ಸುತ್ತಿದ ಇಂಚಿನ ಪಾನಾಗಳು,
ಈಗ ಯಾರೂ ಮಾರದಂಥವು.
ಕೆಳಗಿನ ಎರಡು ಬೋಲ್ಟು ಅರ್ಧ ಸುತ್ತು ಸಡಿಲ,
ಮ್ಯಾಲಿಂದು ಸೀಳುಪಟ್ಟಿಯೊಳಗ ಜಾರುವಷ್ಟು.
ಎಣ್ಣಿಬಟ್ಟಿಲೆ ಒರೆಸಿದರ ಪಟ್ಟಿ ತುಂಬ ಗೀರು:
ಇಲ್ಲಿ ಅಪ್ಪ ನಿಲ್ಲಿಸಿದ್ದು,
ಇಲ್ಲಿ ಡ್ರೈವರ್ ಮಲ್ಕಣ್ಣ,
ಇದು ಯಾರೋ ಗೊತ್ತಿಲ್ಲ, ಹರಾಜಿಗಿಂತ ಹಿಂದಿನವರು,
ಅಲ್ಲಿ ಕಟ್ಟಕಡೀ ತುದಿಗೆ, ಆಳವಾಗಿ, ನಾನು.

"ಒತ್ತಿ ನೋಡ್ರಿ" ಅಂದೆ.
ಎರಡು ಗಾಲಿ ನಡುವಿನ ಉದ್ದನೆ ಹಾದಿ ಮ್ಯಾಲ
ಹೆಬ್ಬಟ್ಟು ಇಟ್ಟ. ತೆಗೆದ. ಹೆಬ್ಬಟ್ಟನ್ನೇ ನೋಡಿದ,
ಯಾರದೋ ಪಾನಾ ತಪ್ಪಿ ಚೀಲದಾಗ ಬಂದಂಗ.
"ಸಕ್ಕರಿ ಬ್ಯಾನಿ. ಇದಕ್ಕ ಏನೂ ತಿಳೀವಲ್ದು.
ಮೊನ್ನೆ ಸೈಲೆನ್ಸರ್ ಹಿಡಿದೆ,
ಕೈ ಸುಟ್ಟದ್ದು ಮೂಗಿಗೆ ತಿಳೀತು."

ನಗಬೇಕೋ ಬ್ಯಾಡೋ.
ಅಂಗಿ ತೋಳು ಮಡಚಿ
ಮೊಳಕೈ ಒಳಮಗ್ಗಲು ಮುಂದಿಟ್ಟ,
ಬಿಸಿಲು ಕಾಣದ ಬೆಳ್ಳಗಿನ ಜಾಗ.
"ಒಂದು ಕೈ ಪಟ್ಟಾಕ್ಕ, ಒಂದು ಇಲ್ಲಿ.
ಅದು ಅರ್ಧ ಇಂಚು ಬಗ್ಗಲಿ.
ಅಲ್ಲಿ ಎಷ್ಟು ಜೋರೋ ಇಲ್ಲೂ ಅಷ್ಟ. ಸುಳ್ಳು ಒತ್ತಬ್ಯಾಡ."

ಒತ್ತಿದೆ.
ಕಣ್ಣು ಮುಚ್ಚಿದ. ಹೊಲದಾಚೆಯಿಂದ ಯಾರೋ
ಹೆಸರು ಹಿಡಿದು ಕರೆದಂಗ ತಲಿ ಓರೆ ಮಾಡಿದ.
"ಸಡ್ಲದ."
ಜಾಲಿಕಟಗಿ ಒಳಗ ತೂರಿಸಿ
(ಹಾರಿ ಮೊದಲೇ ಕಸಗೊಂಡಿದ್ದ)
ಡೈನಮೋದ ಹೊಟ್ಟಿಗೆ ಆನಿಸಿ ಕೂದಲೆಳೆ ಮೀಟಿದ.
"ಈಗ?"
ಒತ್ತಿದೆ.
"ಯಪ್ಪಾ, ಕಲ್ಲಾತು. ಇಳಸು."
ಇಳಿಸಿದೆ. ಒತ್ತಿದೆ.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಬೇವಿನ ಗಿಡದಾಗ ಅಳಿಲು ಏನೋ ಕೆಡವಿತು.
"ಹಾಂ. ಅಲ್ಲೇ ಇರು. ಅಲ್ಲೇ."

ಮ್ಯಾಲಿಂದು ಮೊದಲು, ಕೆಳಗಿನವು ಆಮ್ಯಾಲ,
ಪಾನಾ ಮೂರು ಸಲ ಕಿರ್ ಅಂತು.
ಅಪ್ಪನ ಗೀರಿನಿಂದ ಎರಡು ನೂಲು ಈಚೆ
ಹೊಸ ಜಾಗ.
ಅಂವನ ತೋಳಿನ ಮ್ಯಾಲ ನನ್ನ ಹೆಬ್ಬಟ್ಟು
ಗ್ರೀಸಿನಾಗ, ಗೆರಿಗೆರಿ ಸಹಿತ,
ರಿಜಿಸ್ಟ್ರಿ ಆಫೀಸಿನಾಗ ಒತ್ತಿದಂಗ.
ಒರೆಸಲಿಲ್ಲ. ಸಕ್ಕರಿ ಇಲ್ಲದ ಚಾ ಕುಡಿದು,
ಸಕ್ಕರಿ ಹಾಕಿದ ಚಾ ಇನ್ನೊಂದು ಕೇಳಿ ಬೈಸಿಕೊಂಡು, ಹ್ವಾದ.

ರಾತ್ರಿ ಶರಣಪ್ಪನ ಹೊಲದಾಗ ತೊಗರಿ ರಾಶಿ.
ಮುಳ್ಳು ನಡುಗಿ ಎದ್ದು
ನಡು ದಾಟಿ ಆಚೆ ನಿಂತಿತು.
ದೀಪದ ಬೆಳಕಿನಾಗ ಹೊಟ್ಟು ಹಾರಿತು
ಎಲ್ಲರ ಕೊರಳಿಗೂ ತುರಿಕಿ.

ಎರಡು ಗಂಟೆಗೆ ಮನೀಗೆ ಬಂದರ
ನಾಯಿ ಗುರುತು ಹಿಡಿಯಲಿಲ್ಲ.
ಚೀರದ ನಮ್ಮನ್ನ ಅದು ಕೇಳಿದ್ದೇ ಇಲ್ಲಲ್ಲ,
ಕಳ್ಳರಿಗೆ ಬೊಗಳಿದಂಗ ಬೊಗಳಿತು.
ಹಾರ್ನು ಹೊಡೆದೆ.
ಇಷ್ಟು ದಿನ ಗಂಟಲು ಕಟ್ಟಿ ಕುಂತಿದ್ದ ಹಾರ್ನು
ಓಣಿ ಓಣಿಯನ್ನೇ ಎಬ್ಬಿಸಿ ನಿಲ್ಲಿಸಿತು.

ಮಂದಿ ಮಿಸ್ತ್ರಿಗೆ ಬೈದರು.